ಒಂದೇ ರಿಸೆಪ್ಟರ್, ಎರಡು ಬಗೆಯ ಆ್ಯಂಟಿಬಾಡಿ: ಅತ್ತಿತ್ತ ಹೊಯ್ದಾಡಿದ ಒಂದು ಥೈರಾಯ್ಡ್ ಪ್ರಕರಣ

ಥೈರಾಯ್ಡ್ ಕಡಿಮೆ ಇದೆ ಅಂತ ಐದು ವರ್ಷ ಮಾತ್ರೆ ತಗೊಂಡ ಮಹಿಳೆಯೊಬ್ಬರು. ಆಮೇಲೆ ಅದೇ ಗ್ರಂಥಿ ವಿಪರೀತ ಕೆಲಸ ಮಾಡತೊಡಗಿತು. ಅದನ್ನು ತಗ್ಗಿಸಲು ಔಷಧಿ ಕೊಟ್ಟರೆ ಪೂರ್ತಿ ಮಲಗಿಬಿಟ್ಟಿತು. ಔಷಧಿ ನಿಲ್ಲಿಸಿದರೂ ಏಳಲಿಲ್ಲ. ಕೆಲವು ತಿಂಗಳ ನಂತರ ಮತ್ತೆ ಜೋರಾಯಿತು. ಇಂಥ ಪ್ರಕರಣಗಳು ಅಪರೂಪ. ಆದರೆ ಥೈರಾಯ್ಡ್ ರೋಗದಲ್ಲಿ ಆ್ಯಂಟಿಬಾಡಿಗಳು (ದೇಹದ ರಕ್ಷಣಾ ವ್ಯವಸ್ಥೆ ತಯಾರಿಸುವ ಪ್ರೋಟೀನುಗಳು) ರಿಸೆಪ್ಟರ್ (ಜೀವಕೋಶ ಹಾರ್ಮೋನಿನ ಸಂದೇಶ ಹಿಡಿಯುವ ಜಾಗ) ಮೇಲೆ ಕೂತು ಏನು ಮಾಡುತ್ತವೆ ಎಂಬುದನ್ನು ಇಷ್ಟು ಚೆನ್ನಾಗಿ ತೋರಿಸುವ ಪ್ರಕರಣ ಇನ್ನೊಂದು ಸಿಗುವುದು ಕಷ್ಟ. ಅದಕ್ಕೇ ವಿವರವಾಗಿ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ವಯಸ್ಸು ಮತ್ತು ವೈಯಕ್ತಿಕ ವಿವರಗಳನ್ನು ಬದಲಿಸಿದೆ.

ಹಿನ್ನೆಲೆ

ರೋಗಿಗೆ ಮೊದಲು ತೊಂದರೆ ಶುರುವಾದಾಗ ವಯಸ್ಸು ಮೂವತ್ತರ ಒಳಗೆ. ಸುಸ್ತು, ಚಳಿ ತಡೆಯಲಾಗದಿರುವುದು, ಮಲಬದ್ಧತೆ, ಮುಖ ಊದಿಕೊಳ್ಳುವುದು. ಟಿಎಸ್‌ಎಚ್ (ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನು, ಥೈರಾಯ್ಡ್ ಸೋತಷ್ಟೂ ಇದು ಏರುತ್ತದೆ) 92 ಇತ್ತು (ಸಹಜ ಮಟ್ಟ ಸುಮಾರು 0.4ರಿಂದ 4). ಥೈರಾಯ್ಡ್ ತಯಾರಿಸುವ ಹಾರ್ಮೋನಾದ ಫ್ರೀ ಟಿ4 0.3 (ಸಹಜ ಮಟ್ಟ ಸುಮಾರು 0.8ರಿಂದ 1.8). ಥೈರಾಯ್ಡ್‌ನ ಒಂದು ಕಿಣ್ವದ ವಿರುದ್ಧದ ಟಿಪಿಒ ಆ್ಯಂಟಿಬಾಡಿ ಪಾಸಿಟಿವ್. ಹಾಶಿಮೊಟೊ ಥೈರಾಯ್ಡಿಟಿಸ್ (ದೇಹದ ರಕ್ಷಣಾ ವ್ಯವಸ್ಥೆಯೇ ಥೈರಾಯ್ಡನ್ನು ಹಾಳುಮಾಡುವ ಉರಿಯೂತ) ಅಂತ ಹೆಸರಿಟ್ಟು, ದಿನಕ್ಕೆ 100 ಮೈಕ್ರೋಗ್ರಾಂ ಲೆವೊಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನಿನ ಮಾತ್ರೆ) ಕೊಟ್ಟರು. ಎಲ್ಲ ಸರಿಹೋಯಿತು. ವರ್ಷಕ್ಕೊಮ್ಮೆ ಪರೀಕ್ಷೆ, ಅದೇ ಡೋಸ್.

ಆ ನಿರ್ಧಾರದಲ್ಲಿ ತಪ್ಪೇನೂ ಇರಲಿಲ್ಲ. ಯಾರೇ ಆಗಿದ್ದರೂ ಅದನ್ನೇ ಮಾಡುತ್ತಿದ್ದರು. ಹಳೆಯ ಫೈಲಿನಲ್ಲಿ ಮಾತ್ರ ಒಂದು ಸಣ್ಣ ವಿಷಯ ಇತ್ತು. ಅಲ್ಟ್ರಾಸೌಂಡ್‌ನಲ್ಲಿ ಗ್ರಂಥಿ ಸಹಜಕ್ಕಿಂತ ಚಿಕ್ಕದಾಗಿತ್ತು. ಟಿಎಸ್‌ಎಚ್ 92ರಷ್ಟು ಏರಿ ಗ್ರಂಥಿಗೆ ಬೆಳೆ ಬೆಳೆ ಅನ್ನುತ್ತಿದ್ದರೂ ಅದು ದಪ್ಪವಾಗಿರಲಿಲ್ಲ. ಹಾಶಿಮೊಟೊ ರೋಗದಲ್ಲೂ ಗ್ರಂಥಿ ಸೊರಗಿ ಚಿಕ್ಕದಾಗುವುದುಂಟು, ಹಾಗಾಗಿ ಇದಕ್ಕೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆದರೆ ಟಿಎಸ್‌ಎಚ್‌ನ ಮಾತು ಗ್ರಂಥಿಯನ್ನು ತಲುಪುತ್ತಲೇ ಇಲ್ಲದಿದ್ದರೂ ಹೀಗೇ ಆಗುತ್ತದೆ.

ಸಮಸ್ಯೆ

ಐದು ವರ್ಷ ಕಳೆದ ಮೇಲೆ ಒಂದು ವಾರ್ಷಿಕ ಪರೀಕ್ಷೆಯಲ್ಲಿ ಟಿಎಸ್‌ಎಚ್ 0.02 ಬಂತು. ಡೋಸ್ ಜಾಸ್ತಿಯಾಗಿದೆ ಅಂತ 75ಕ್ಕೆ ಇಳಿಸಿದರು. ಮುಂದಿನ ಸಲ ಅಳತೆಗೇ ಸಿಗದಷ್ಟು ಕಡಿಮೆ. 50ಕ್ಕೆ ಇಳಿಸಿದರು, ಆಮೇಲೆ 25ಕ್ಕೆ. ಡೋಸ್ ಇಳಿದಂತೆ ಫ್ರೀ ಟಿ4 ಏರುತ್ತಾ ಹೋಯಿತು: 2.1, ಆಮೇಲೆ 2.6. ಎದೆ ಡವಡವ, ಕೈ ನಡುಕ, ನಿದ್ದೆ ಇಲ್ಲ, ತೂಕ ಇಳಿಕೆ.

ಇಲ್ಲಿ ಒಂದು ನೋವಿನ ಘಟ್ಟ ಬಂತು. ಆಕೆ ತೂಕ ಇಳಿಸಲು ಗುಟ್ಟಾಗಿ ಜಾಸ್ತಿ ಮಾತ್ರೆ ನುಂಗುತ್ತಿರಬಹುದು ಎಂಬ ಅನುಮಾನ ಫೈಲಿನಲ್ಲಿ ದಾಖಲಾಯಿತು. ನಮ್ಮ ಬಳಿ ಬಂದಾಗ ಅವರ ಮೊದಲ ಮಾತೇ ಇದು: ‘ಡಾಕ್ಟ್ರೇ, ನಾನು ಸುಳ್ಳು ಹೇಳ್ತಿಲ್ಲ. ಬೇಕಾದರೆ ಮಾತ್ರೆ ಡಬ್ಬಿ ನೀವೇ ಇಟ್ಕೊಳ್ಳಿ.’

ಆ ಮಾತನ್ನೇ ಪರೀಕ್ಷೆಯಾಗಿ ತಗೊಂಡೆವು. ಲೆವೊಥೈರಾಕ್ಸಿನ್‌ನ ಅರ್ಧಾಯುಷ್ಯ ಸುಮಾರು ಏಳು ದಿನ. ಐದಾರು ವಾರ ನಿಲ್ಲಿಸಿದರೆ ಮಾತ್ರೆಯಿಂದ ಬಂದ ಹಾರ್ಮೋನು ಹೆಚ್ಚುಕಡಿಮೆ ಖಾಲಿ. ನಿಜವಾಗಿ ಗ್ರಂಥಿ ಸತ್ತಿದ್ದರೆ ಆ ಹೊತ್ತಿಗೆ ಟಿಎಸ್‌ಎಚ್ ಮೇಲೇರಲೇಬೇಕು. ಪೂರ್ತಿ ನಿಲ್ಲಿಸಿ 6 ವಾರಕ್ಕೆ ನೋಡಿದಾಗ ಫ್ರೀ ಟಿ4 3.2, ನಾಡಿ ನಿಮಿಷಕ್ಕೆ 112. ಹಾರ್ಮೋನು ಮಾತ್ರೆಯಿಂದ ಬರುತ್ತಿರಲಿಲ್ಲ. ಅವರ ಗ್ರಂಥಿಯೇ ತಯಾರಿಸುತ್ತಿತ್ತು.

ಅಷ್ಟರಲ್ಲೇ ರೋಗಕ್ಕೆ ಹೆಸರು ಕೊಡುವ ಆತುರ ಬೇಡ ಅನಿಸಿತು. ಬೇರೇನಾದರೂ ತಗೊಳ್ತೀರಾ ಅಂತ ಕೇಳಿದಾಗ ಕೂದಲು ಉದುರದಿರಲು 10 ಮಿಲಿಗ್ರಾಂ ಬಯೋಟಿನ್ ಮಾತ್ರೆ ನುಂಗುತ್ತಿರುವುದು ಗೊತ್ತಾಯಿತು. ಇದು ಸಣ್ಣ ವಿಷಯವಲ್ಲ. ಹಲವು ಪ್ರಯೋಗಾಲಯ ಪರೀಕ್ಷೆಗಳು ಬಯೋಟಿನ್ ಮತ್ತು ಸ್ಟ್ರೆಪ್ಟಾವಿಡಿನ್ ಎಂಬ ಪ್ರೋಟೀನಿನ ಅಂಟನ್ನೇ ನೆಚ್ಚಿಕೊಂಡಿವೆ. ರಕ್ತದಲ್ಲಿ ಬಯೋಟಿನ್ ಜಾಸ್ತಿ ಇದ್ದರೆ ಅಂಥ ಯಂತ್ರಗಳಲ್ಲಿ ಟಿಎಸ್‌ಎಚ್ ಸುಳ್ಳು ಸುಳ್ಳೇ ಕಡಿಮೆ ಕಾಣುತ್ತದೆ, ಟಿ4 ಸುಳ್ಳೇ ಜಾಸ್ತಿ ಕಾಣುತ್ತದೆ, ರಿಸೆಪ್ಟರ್ ಆ್ಯಂಟಿಬಾಡಿಯೂ ಇಲ್ಲದೆ ಇದ್ದದ್ದು ಇದೆ ಅಂತ ಬರಬಹುದು. ಅಂದರೆ ಕಾಗದದ ಮೇಲೆ ಪಕ್ಕಾ ಗ್ರೇವ್ಸ್ ರೋಗ (ಆ್ಯಂಟಿಬಾಡಿಯಿಂದಾಗಿ ಥೈರಾಯ್ಡ್ ವಿಪರೀತ ಕೆಲಸ ಮಾಡುವ ರೋಗ), ಮೈಯಲ್ಲಿ ಏನೂ ಇಲ್ಲ! ಬಯೋಟಿನ್ ಒಂದು ವಾರ ನಿಲ್ಲಿಸಿ ಮತ್ತೆ ರಕ್ತ ತೆಗೆದೆವು. ಟಿಎಸ್‌ಎಚ್ ಈಗಲೂ 0.01ಕ್ಕಿಂತ ಕಡಿಮೆ, ಫ್ರೀ ಟಿ4 3.0. ರೋಗ ನಿಜವಾದದ್ದೇ.

ಈಗ ರಿಸೆಪ್ಟರ್ ಆ್ಯಂಟಿಬಾಡಿ, ಅಂದರೆ ಟ್ರ್ಯಾಬ್, ಕಳಿಸಿದೆವು. ಲೀಟರಿಗೆ 14 ಐಯು ಬಂತು. ಆ ಲ್ಯಾಬಿನಲ್ಲಿ 1.75 ದಾಟಿದರೆ ಪಾಸಿಟಿವ್. ಗ್ರಂಥಿಯ ಚಟುವಟಿಕೆ ತೋರಿಸುವ ಸ್ಕ್ಯಾನ್‌ನಲ್ಲಿ ಇಡೀ ಗ್ರಂಥಿ ಎಲ್ಲ ಕಡೆ ಒಂದೇ ಸಮ ಹೊಳೆಯಿತು. ಗ್ರಂಥಿ ಉರಿಯೂತದಿಂದ ಒಡೆದು ಒಳಗಿನ ಹಾರ್ಮೋನು ಸೋರುತ್ತಿದ್ದರೆ ಸ್ಕ್ಯಾನ್ ಮಂಕಾಗಿರುತ್ತಿತ್ತು. ಮಾತ್ರೆ ಜಾಸ್ತಿ ನುಂಗಿದ್ದರೂ ಮಂಕೇ. ಫೈಲಿನಲ್ಲಿದ್ದ ಅನುಮಾನವನ್ನು ಅಳಿಸಲು ಆಗದು, ಆದರೆ ಅದರ ಕೆಳಗೇ ‘ಗ್ರೇವ್ಸ್ ರೋಗ ಖಚಿತ’ ಅಂತ ಬರೆದು ಆಕೆಗೆ ತೋರಿಸಿದೆವು.

ರಿಸೆಪ್ಟರ್ ಮೇಲೆ ನಡೆಯುವುದೇನು

ಮುಂದಿನ ತಿರುವು ಅರ್ಥವಾಗಬೇಕಾದರೆ ಇಲ್ಲಿ ಸ್ವಲ್ಪ ನಿಲ್ಲಬೇಕು.

ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಟಿಎಸ್‌ಎಚ್ ಕಳಿಸುತ್ತದೆ. ಥೈರಾಯ್ಡ್ ಜೀವಕೋಶದ ಹೊರಮೈಯಲ್ಲಿ ಅದಕ್ಕೆಂದೇ ಇರುವ ರಿಸೆಪ್ಟರ್ ಇದೆ. ಟಿಎಸ್‌ಎಚ್ ಬಂದು ಕೂತರೆ ಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಸಂದೇಶದ ಅಣು ಹೆಚ್ಚುತ್ತದೆ. ಕೋಶ ಅಯೋಡಿನ್ ಎಳೆದುಕೊಳ್ಳುತ್ತದೆ, ಹಾರ್ಮೋನು ತಯಾರಿಸುತ್ತದೆ, ಬೆಳೆಯುತ್ತದೆ. ಹಾರ್ಮೋನು ಸಾಕಷ್ಟಾದ ಕೂಡಲೇ ಪಿಟ್ಯುಟರಿ ಟಿಎಸ್‌ಎಚ್ ತಗ್ಗಿಸುತ್ತದೆ. ಆ್ಯಂಟಿಬಾಡಿಗೆ ಈ ಕಡಿವಾಣ ಇಲ್ಲ. ಹಾರ್ಮೋನು ಎಷ್ಟೇ ಆದರೂ ಅದನ್ನು ತಡೆಯುವವರಿಲ್ಲ.

ಮನೆಯ ಕರೆಗಂಟೆ ನೆನಪಿಸಿಕೊಳ್ಳಿ. ಟಿಎಸ್‌ಎಚ್ ಬಂದು ಗುಂಡಿ ಒತ್ತಿ ಕೈ ತೆಗೆಯುತ್ತದೆ. ಉತ್ತೇಜಿಸುವ ಆ್ಯಂಟಿಬಾಡಿ ಒತ್ತಿದ ಕೈ ತೆಗೆಯುವುದೇ ಇಲ್ಲ. ತಡೆಯುವ ಆ್ಯಂಟಿಬಾಡಿ ಗುಂಡಿ ಒತ್ತುವುದಿಲ್ಲ, ಅಂಗೈಯಿಂದ ಮುಚ್ಚಿ ನಿಲ್ಲುತ್ತದೆ, ಬೇರೆಯವರಿಗೂ ಒತ್ತಲು ಬಿಡುವುದಿಲ್ಲ.

ಈ ತಿಳಿವಳಿಕೆ ಒಮ್ಮೆಗೇ ಬಂದದ್ದಲ್ಲ. 1956ರಲ್ಲಿ ನ್ಯೂಜಿಲೆಂಡಿನ ಆಡಮ್ಸ್ ಮತ್ತು ಪರ್ವಿಸ್ ಥೈರಾಯ್ಡ್ ಹೆಚ್ಚಾದ ರೋಗಿಗಳ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವ) ಅನ್ನು ಗಿನಿಯಿಲಿಗಳಿಗೆ ಚುಚ್ಚಿ ನೋಡಿದರು. ಟಿಎಸ್‌ಎಚ್ ಪರಿಣಾಮ ಕೆಲವೇ ಗಂಟೆಯಲ್ಲಿ ತುತ್ತತುದಿ ಮುಟ್ಟಿ ಇಳಿಯುತ್ತಿತ್ತು. ರೋಗಿಯ ಸೀರಂನದು ನಿಧಾನವಾಗಿ ಏರಿ ತುಂಬಾ ಹೊತ್ತು ಉಳಿಯುತ್ತಿತ್ತು. ಆ ‘ದೀರ್ಘಕಾಲದ ಉತ್ತೇಜಕ’ ಐಜಿಜಿ ಜಾತಿಯ ಆ್ಯಂಟಿಬಾಡಿ ಎಂದು ಆಮೇಲೆ ಗೊತ್ತಾಯಿತು. 1989ರಲ್ಲಿ ರಿಸೆಪ್ಟರ್‌ನ ಜೀನ್ ಕೈಗೆ ಸಿಕ್ಕಿತು. 2003ರಲ್ಲಿ ಗ್ರೇವ್ಸ್ ರೋಗಿಯಿಂದ ಎಂ22 ಎಂಬ ಉತ್ತೇಜಕ ಆ್ಯಂಟಿಬಾಡಿಯನ್ನು ಬೇರ್ಪಡಿಸಿದ ವರದಿ ಬಂತು. ನನ್ನನ್ನು ಜಾಸ್ತಿ ಹಿಡಿದು ನಿಲ್ಲಿಸಿದ್ದು 2010ರ ಇನ್ನೊಂದು ವರದಿ. ಒಬ್ಬರೇ ರೋಗಿಯ ಒಂದೇ ರಕ್ತದ ಮಾದರಿಯಿಂದ ಒಂದು ಉತ್ತೇಜಿಸುವ ಮತ್ತು ಒಂದು ತಡೆಯುವ ಆ್ಯಂಟಿಬಾಡಿ, ಎರಡೂ ಸಿಕ್ಕಿದ್ದವು.

ಎರಡೂ ಕೂರುವುದು ರಿಸೆಪ್ಟರ್‌ನ ಹೊರಭಾಗದ ಬಾಗಿದ ಒಳಮೈ ಮೇಲೆ. ಟಿಎಸ್‌ಎಚ್ ಕೂರುವುದೂ ಅಲ್ಲೇ. ಜಾಗ ಹೆಚ್ಚುಕಡಿಮೆ ಒಂದೇ ಆದರೂ ಫಲ ತದ್ವಿರುದ್ಧ ಯಾಕೆ? 2022ರಲ್ಲಿ ಕ್ರಯೋ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳು ಇದಕ್ಕೆ ಉತ್ತರ ಕೊಟ್ಟವು. ರಿಸೆಪ್ಟರ್‌ನ ಹೊರಭಾಗ ಸುಮ್ನೆ ಇದ್ದಾಗ ಕೋಶದ ಪೊರೆಯ ಕಡೆ ಬಾಗಿರುತ್ತದೆ. ಟಿಎಸ್‌ಎಚ್ ಕೂತರೆ ನೆಟ್ಟಗೆ ಎದ್ದು ನಿಲ್ಲುತ್ತದೆ. ಎಂ22 ಕೂತರೂ ಹಾಗೇ. ತಡೆಯುವ ಆ್ಯಂಟಿಬಾಡಿ ಕೂತರೆ ಏಳುವುದಿಲ್ಲ. ಎದ್ದಾಗ ಮಾತ್ರ ಒಳಗೆ ಸಂದೇಶ ಹೋಗುತ್ತದೆ.

ನಾವು ದಿನಾ ಕಳಿಸುವ ಟ್ರ್ಯಾಬ್ ಪರೀಕ್ಷೆಗೆ ಈ ವ್ಯತ್ಯಾಸ ಕಾಣುವುದಿಲ್ಲ. ಅದರಲ್ಲಿ ರಿಸೆಪ್ಟರ್‌ಗೆ ಅಂಟುವ ಗುರುತು ಹಚ್ಚಿದ ಒಂದು ಅಣುವಿನ ಜೊತೆ ರೋಗಿಯ ಆ್ಯಂಟಿಬಾಡಿ ಜಾಗಕ್ಕಾಗಿ ಪೈಪೋಟಿ ಮಾಡುತ್ತದೆ. ಎಷ್ಟು ಜಾಗ ಕಸಿಯಿತು ಎಂಬುದೇ ಅಂಕಿ. ಕೂತ ಮೇಲೆ ಏನು ಮಾಡಿತು ಎಂಬುದು ಆ ಅಂಕಿಯಲ್ಲಿ ಇಲ್ಲ. ಟಿಪಿಒ ಆ್ಯಂಟಿಬಾಡಿಯ ಕಥೆ ಇನ್ನೂ ಬೇರೆ. ಅದು ಗುರಿ ಮಾಡುವುದು ಒಂದು ಕಿಣ್ವವನ್ನು, ಈ ರಿಸೆಪ್ಟರ್‌ಗೂ ಅದಕ್ಕೂ ಸಂಬಂಧವಿಲ್ಲ. ‘ಆ್ಯಂಟಿಬಾಡಿ ಪಾಸಿಟಿವ್’ ಅಂತ ರೋಗಿಗಳು ಹೇಳಿದಾಗ ಯಾವುದು ಅಂತ ಕೇಳಲೇಬೇಕು, ಅಲ್ವಾ?

ಏನೇನು ಮಾಡಿದೆವು

ಥೈರಾಯ್ಡ್ ತಗ್ಗಿಸುವ ಕಾರ್ಬಿಮಜೋಲ್ 15 ಮಿಲಿಗ್ರಾಂ ಶುರು ಮಾಡಿದೆವು, ಎದೆಬಡಿತಕ್ಕೆ ಪ್ರೊಪ್ರನೊಲಾಲ್. ಜ್ವರ, ಗಂಟಲು ನೋವು ಬಂದರೆ ಔಷಧಿ ನಿಲ್ಲಿಸಿ ಅವತ್ತೇ ಬಿಳಿ ರಕ್ತಕಣ ಪರೀಕ್ಷೆ ಮಾಡಿಸಬೇಕು ಅಂತ ಬರೆದುಕೊಟ್ಟೆವು.

ಎಂಟು ವಾರಕ್ಕೆ ಫ್ರೀ ಟಿ4 0.6, ಟಿಎಸ್‌ಎಚ್ 41. ಇದು ನಮ್ಮನ್ನು ಬೆಚ್ಚಿಬೀಳಿಸಿತು. ಗ್ರೇವ್ಸ್ ರೋಗದಲ್ಲಿ ಟಿ4 ಇಳಿದ ಮೇಲೂ ಟಿಎಸ್‌ಎಚ್ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ತಲೆ ಎತ್ತುವುದಿಲ್ಲ. ಇಲ್ಲಿ ಅಷ್ಟೇನೂ ದೊಡ್ಡದಲ್ಲದ ಡೋಸಿಗೆ ಎರಡೇ ತಿಂಗಳಲ್ಲಿ 41. ಡೋಸ್ 5ಕ್ಕೆ ಇಳಿಸಿದೆವು. ಆರು ವಾರಕ್ಕೆ ಟಿಎಸ್‌ಎಚ್ 78. ಔಷಧಿ ನಿಲ್ಲಿಸಿದೆವು. ಕಾರ್ಬಿಮಜೋಲ್ ಪರಿಣಾಮ ವಾರಗಟ್ಟಲೆ ಉಳಿಯುವಂಥದ್ದಲ್ಲ. ಆದರೂ ನಿಲ್ಲಿಸಿ ಆರು ವಾರವಾದರೂ ಟಿಎಸ್‌ಎಚ್ 96.

ಈ ಹಂತದಲ್ಲಿ ಟ್ರ್ಯಾಬ್ ಮತ್ತೆ ನೋಡಿದೆವು. 23! ಜಾಸ್ತಿಯಾಗಿತ್ತು. ಗ್ರೇವ್ಸ್ ಉಲ್ಬಣಿಸಿದೆ ಎಂದು ಓದಬಹುದಾದ ಅಂಕಿ, ಆದರೆ ರೋಗಿ ಹಾಸಿಗೆಯಿಂದ ಏಳಲಾರದಷ್ಟು ನಿಧಾನವಾಗಿದ್ದರು. ಅಂಕಿ ಮತ್ತು ರೋಗಿ ಬೇರೆ ಬೇರೆ ಕಥೆ ಹೇಳುತ್ತಿದ್ದವು.

ಅದೃಷ್ಟವಶಾತ್ ಮೊದಲ ಸಲದ ಸೀರಂ ಶೈತ್ಯಾಗಾರದಲ್ಲಿ ಉಳಿದಿತ್ತು. ಹಳೆಯದು, ಹೊಸದು ಎರಡನ್ನೂ ಜೀವಕೋಶ ಬಳಸುವ ಪರೀಕ್ಷೆಗೆ ಕಳಿಸಿದೆವು. ಅದರಲ್ಲಿ ಮನುಷ್ಯನ ಟಿಎಸ್‌ಎಚ್ ರಿಸೆಪ್ಟರ್ ಅಳವಡಿಸಿದ ಕೋಶಗಳ ಮೇಲೆ ಸೀರಂ ಹಾಕುತ್ತಾರೆ. ಸೈಕ್ಲಿಕ್ ಎಎಂಪಿ ಹೆಚ್ಚಿದರೆ ಕೋಶ ಬೆಳಕು ಬೀರುವಂತೆ ಮಾಡಿರುತ್ತಾರೆ. ಎಷ್ಟು ಬೆಳಕೋ ಅಷ್ಟು ಉತ್ತೇಜನ. ತಡೆ ನೋಡಬೇಕಾದರೆ ಸೀರಂ ಜೊತೆ ಗೊತ್ತಾದಷ್ಟು ಟಿಎಸ್‌ಎಚ್ ಕೂಡ ಹಾಕಿ, ಬೆಳಕು ಎಷ್ಟು ಕುಗ್ಗಿತು ಅಂತ ಅಳೆಯುತ್ತಾರೆ.

ಹಳೆಯ ಸೀರಂ ಕೋಶಗಳನ್ನು ಜೋರಾಗಿ ಬೆಳಗಿಸಿತು. ಹೊಸ ಸೀರಂ ಬೆಳಗಿಸಲೇ ಇಲ್ಲ, ಟಿಎಸ್‌ಎಚ್ ಕೊಟ್ಟ ಬೆಳಕನ್ನೂ ಬಹುಪಾಲು ಆರಿಸಿತು. ಐದು ವರ್ಷದ ಹಿಂದೆ ಚಿಕ್ಕದಾಗಿ ಕಂಡ ಆ ಗ್ರಂಥಿಯ ಹಿಂದೆಯೂ ಬಹುಶಃ ಇದೇ ತಡೆಯುವ ಆ್ಯಂಟಿಬಾಡಿ ಇತ್ತು ಅಂತ ನನ್ನ ನಂಬಿಕೆ. ಆಗಿನ ರಕ್ತ ಉಳಿದಿಲ್ಲವಾದ್ದರಿಂದ ಸಾಬೀತು ಮಾಡಲು ಆಗದು.

ಇದನ್ನು ಹೊಯ್ದಾಟ ಎಂದು ಕರೆಯುವುದೇ ಸರಿ. ಎರಡೂ ಬಗೆಯವು ರಕ್ತದಲ್ಲಿ ಒಟ್ಟಿಗೇ ಇರುತ್ತವೆ. ಯಾವುದರ ಪ್ರಮಾಣ ಜಾಸ್ತಿ, ಯಾವುದು ಗಟ್ಟಿಯಾಗಿ ಅಂಟುತ್ತದೆ ಎಂಬುದರ ಮೇಲೆ ಆ ಹೊತ್ತಿನ ಮೇಲುಗೈ. ಲೆವೊಥೈರಾಕ್ಸಿನ್ ತಗೊಳ್ಳುವವರಲ್ಲಿ ತಡೆಯಿಂದ ಉತ್ತೇಜನದ ಕಡೆಗೆ, ಕಾರ್ಬಿಮಜೋಲ್ ಥರದ ಔಷಧಿ ತಗೊಳ್ಳುವವರಲ್ಲಿ ಉತ್ತೇಜನದಿಂದ ತಡೆಯ ಕಡೆಗೆ ತಿರುಗಿದ ಪ್ರಕರಣಗಳು ವರದಿಯಾಗಿವೆ. ನಮ್ಮ ರೋಗಿಯಲ್ಲಿ ಎರಡೂ ನಡೆದಿತ್ತು.

ಲೆವೊಥೈರಾಕ್ಸಿನ್ 75 ಮತ್ತೆ ಶುರು ಮಾಡಿದೆವು. ಐದನೇ ತಿಂಗಳಿಗೆ ಎದೆ ಡವಡವ ವಾಪಸ್. ಟಿಎಸ್‌ಎಚ್ 0.01ಕ್ಕಿಂತ ಕಡಿಮೆ, ಫ್ರೀ ಟಿ4 2.7, ಟ್ರ್ಯಾಬ್ 26, ಉತ್ತೇಜಕ ಪರೀಕ್ಷೆ ಮತ್ತೆ ಪಾಸಿಟಿವ್.

ದೊಡ್ಡ ನಿರ್ಧಾರ

ರೋಗಿ ಮತ್ತು ಅವರ ಗಂಡ ಇಬ್ಬರನ್ನೂ ಕೂರಿಸಿ ಮಾತಾಡಿದೆವು. ಆಕೆಗೆ ಮಗು ಬೇಕಿತ್ತು. ಅದೇ ಎಲ್ಲವನ್ನೂ ತೀರ್ಮಾನಿಸಿತು.

ಕಾರ್ಬಿಮಜೋಲ್‌ನಿಂದ ಗ್ರಂಥಿಯನ್ನು ಪೂರ್ತಿ ಕಟ್ಟಿಹಾಕಿ, ಜೊತೆಗೆ ಲೆವೊಥೈರಾಕ್ಸಿನ್ ಕೊಡುವ ದಾರಿ ಹೊಯ್ದಾಟಕ್ಕೆ ಒಳ್ಳೆಯದು. ಗರ್ಭಿಣಿಗೆ ಅಲ್ಲ. ಕಾರ್ಬಿಮಜೋಲ್ ಮಾಸು (ಪ್ಲಾಸೆಂಟಾ) ದಾಟಿ ಮಗುವಿನ ಗ್ರಂಥಿಯನ್ನೂ ತಗ್ಗಿಸುತ್ತದೆ, ಅದನ್ನು ಸರಿದೂಗಿಸುವಷ್ಟು ಥೈರಾಕ್ಸಿನ್ ದಾಟುವುದಿಲ್ಲ. ಮೊದಲ ವಾರಗಳಲ್ಲಿ ಅಂಗ ರಚನೆಗೆ ಧಕ್ಕೆಯಾಗುವ ಅಪಾಯವೂ ಇದೆ. ರೇಡಿಯೋ ಅಯೋಡಿನ್ (ಗ್ರಂಥಿಯನ್ನು ಒಳಗಿಂದ ನಾಶಮಾಡುವ ವಿಕಿರಣಶೀಲ ಅಯೋಡಿನ್) ಕೊಟ್ಟರೆ ಟ್ರ್ಯಾಬ್ ಇನ್ನಷ್ಟು ಏರಿ ವರ್ಷಗಟ್ಟಲೆ ಉಳಿಯಬಹುದು. ಆಕೆಗೆ ಕಣ್ಣಲ್ಲಿ ಮರಳು ಬಿದ್ದಂತೆ ಉರಿಯೂ ಶುರುವಾಗಿತ್ತು. ಅದೇ ರಿಸೆಪ್ಟರ್ ಕಣ್ಣುಗುಡ್ಡೆಯ ಹಿಂದಿನ ಅಂಗಾಂಶದಲ್ಲೂ ಇದೆ, ರೇಡಿಯೋ ಅಯೋಡಿನ್ ಕಣ್ಣಿನ ತೊಂದರೆ ಹೆಚ್ಚಿಸಬಹುದು. ಉಳಿದದ್ದು ಶಸ್ತ್ರಚಿಕಿತ್ಸೆ. ಸ್ವರದ ನರ ಮತ್ತು ಕ್ಯಾಲ್ಸಿಯಂ ಗ್ರಂಥಿಗಳಿಗೆ ಅಪಾಯ ಇದೆ, ಆದರೆ ಹೊಯ್ದಾಡಲು ಗ್ರಂಥಿಯೇ ಇರುವುದಿಲ್ಲ, ಆ್ಯಂಟಿಬಾಡಿಯೂ ಕ್ರಮೇಣ ಇಳಿಯುತ್ತದೆ.

ಆಕೆ ಕೇಳಿದ ಪ್ರಶ್ನೆ ನೇರವಾಗಿತ್ತು. ‘ಗ್ರಂಥಿ ತೆಗೆದರೆ ಮಗುವಿಗೆ ಏನೂ ಆಗಲ್ಲ ತಾನೇ?’ ಹಾಗೆ ಮಾತು ಕೊಡಲು ಆಗುವುದಿಲ್ಲ ಅಂತ ಹೇಳಿದೆವು. ಗ್ರಂಥಿ ಹೋದರೂ ಆ್ಯಂಟಿಬಾಡಿ ಕೂಡಲೇ ಹೋಗಲ್ಲ. ಐಜಿಜಿ ಆದ್ದರಿಂದ ಮಗುವಿಗೆ ದಾಟುತ್ತದೆ. ಗರ್ಭಿಣಿಯಾದರೆ ಪ್ರತಿ ಹಂತದಲ್ಲೂ ನೋಡುತ್ತಿರಬೇಕು ಅಂದೆವು. ಒಪ್ಪಿದರು.

ಕೆಲವು ವಾರ ಎರಡೂ ಔಷಧಿ ಒಟ್ಟಿಗೆ ಕೊಟ್ಟು ಹಾರ್ಮೋನನ್ನು ಸಹಜ ಮಟ್ಟಕ್ಕೆ ತಂದು ಶಸ್ತ್ರಚಿಕಿತ್ಸೆ ಮಾಡಿಸಿದೆವು. ಕ್ಯಾಲ್ಸಿಯಂ ಕೆಲವು ದಿನ ಇಳಿದು ಸರಿಹೋಯಿತು. ಧ್ವನಿಗೆ ಏನೂ ಆಗಲಿಲ್ಲ. ಲೆವೊಥೈರಾಕ್ಸಿನ್ 125ರಲ್ಲಿ ಟಿಎಸ್‌ಎಚ್ ನೆಲೆನಿಂತಿತು.

ಗರ್ಭಧಾರಣೆ, ಮತ್ತೊಂದು ಕವಲು

ಒಂದು ವರ್ಷ ದಾಟಿದ ಮೇಲೆ ಗರ್ಭಿಣಿಯಾದರು. ಅವತ್ತೇ ಡೋಸ್ ಏರಿಸಿದೆವು. ಟ್ರ್ಯಾಬ್ 18 ಇತ್ತು. ಸಹಜ ಮಿತಿಯ ಮೂರು ಪಟ್ಟು ದಾಟಿದರೆ ಮಗುವಿನ ಮೇಲೆ ಕಣ್ಣಿಡಬೇಕು, ಇಲ್ಲಿ ಹತ್ತು ಪಟ್ಟು. ಮಗುವಿನ ಥೈರಾಯ್ಡ್ ಸುಮಾರು 20ನೇ ವಾರದ ಹೊತ್ತಿಗೆ ಈ ಆ್ಯಂಟಿಬಾಡಿಗೆ ಸ್ಪಂದಿಸತೊಡಗುತ್ತದೆ. ಆ ವಾರದಲ್ಲಿ ಟ್ರ್ಯಾಬ್ 15.

ಇಲ್ಲಿ ತಂಡದೊಳಗೆ ಭಿನ್ನಾಭಿಪ್ರಾಯ ಬಂತು. ತಾಯಿಗೆ ಗ್ರೇವ್ಸ್ ಇತ್ತು, ಟ್ರ್ಯಾಬ್ ಇಷ್ಟು ಜಾಸ್ತಿ ಇದೆ, ಮಗುವಿನ ಗ್ರಂಥಿ ಹೆಚ್ಚು ಕೆಲಸ ಮಾಡುವ ಮೊದಲೇ ತಾಯಿಗೆ ಥೈರಾಯ್ಡ್ ತಗ್ಗಿಸುವ ಔಷಧಿ ಕೊಟ್ಟು ಮಗುವನ್ನು ಕಾಪಾಡೋಣ ಎಂಬ ವಾದ. ಮಗುವಿನಲ್ಲಿ ಲಕ್ಷಣ ಕಂಡಾಗ ಹಾಗೆ ಮಾಡುವುದುಂಟು, ಆದ್ದರಿಂದ ವಾದದಲ್ಲಿ ಹುರುಳಿತ್ತು. ಆದರೆ ಮಗುವಿನ ಎದೆಬಡಿತ ನಿಮಿಷಕ್ಕೆ 140ರ ಆಸುಪಾಸಿನಲ್ಲೇ ಇತ್ತು. ಬೆಳವಣಿಗೆ ಸರಿಯಿತ್ತು, ಕತ್ತಿನಲ್ಲಿ ಗ್ರಂಥಿ ಊದಿರಲಿಲ್ಲ. ಕೋಶ ಪರೀಕ್ಷೆ ಮತ್ತೆ ಕಳಿಸಿದೆವು. ಉತ್ತೇಜನ ಇಲ್ಲ, ತಡೆ ಬಲವಾಗಿದೆ. ಅಂಥ ಮಗುವಿಗೆ ಥೈರಾಯ್ಡ್ ತಗ್ಗಿಸುವ ಔಷಧಿ ಹೋಗಿದ್ದರೆ ಮೊದಲೇ ಮುಚ್ಚಿದ ಗ್ರಂಥಿಯನ್ನು ಇನ್ನೂ ಅದುಮಿದಂತೆ ಆಗುತ್ತಿತ್ತು. ಔಷಧಿ ಕೊಡಲಿಲ್ಲ. ಸ್ಕ್ಯಾನ್ ಮುಂದುವರಿಸಿದೆವು, ಮಕ್ಕಳ ವೈದ್ಯರಿಗೆ ಮೊದಲೇ ತಿಳಿಸಿದೆವು. 34ನೇ ವಾರಕ್ಕೆ ಟ್ರ್ಯಾಬ್ 11.

ಆದದ್ದು ಏನು

ಮಗು ದಿನ ತುಂಬಿ ಹುಟ್ಟಿತು, ತೂಕ ಚೆನ್ನಾಗಿತ್ತು. ಮೂರನೇ ದಿನ ಹಿಮ್ಮಡಿಯಿಂದ ತೆಗೆದ ರಕ್ತದಲ್ಲಿ ಟಿಎಸ್‌ಎಚ್ ಜಾಸ್ತಿ ಬಂತು. ಮರುಪರೀಕ್ಷೆಯಲ್ಲಿ 38, ಫ್ರೀ ಟಿ4 ವಯಸ್ಸಿಗೆ ಕಡಿಮೆ, ಮಗುವಿನ ಟ್ರ್ಯಾಬ್ 10. ತಾಯಿಯ ತಡೆಯುವ ಆ್ಯಂಟಿಬಾಡಿ ಮಗುವಿನ ರಿಸೆಪ್ಟರ್ ಮೇಲೆ ಕೂತಿತ್ತು. ಗರ್ಭದಲ್ಲಿರುವಾಗ ತಾಯಿಯ ಥೈರಾಕ್ಸಿನ್ ಸ್ವಲ್ಪ ಮಟ್ಟಿಗೆ ಕಾಪಾಡಿತ್ತು, ಹುಟ್ಟಿದ ಮೇಲೆ ಆ ಆಸರೆ ಇಲ್ಲ. ಮಕ್ಕಳ ವೈದ್ಯರು ಅವತ್ತೇ ಲೆವೊಥೈರಾಕ್ಸಿನ್ ಶುರು ಮಾಡಿದರು. ಮಿದುಳು ಬೆಳೆಯುವ ಕಾಲದಲ್ಲಿ ಒಂದೊಂದು ದಿನವೂ ಮುಖ್ಯ.

ಐಜಿಜಿಯ ಅರ್ಧಾಯುಷ್ಯ ಸುಮಾರು ಮೂರು ವಾರ. ತಿಂಗಳು ತಿಂಗಳು ನೋಡಿದಾಗ ಮಗುವಿನ ಟ್ರ್ಯಾಬ್ ಇಳಿಯುತ್ತಾ ಹೋಗಿ ನಾಲ್ಕನೇ ತಿಂಗಳಿಗೆ ನೆಗೆಟಿವ್ ಆಯಿತು. ಡೋಸ್ ನಿಧಾನವಾಗಿ ಇಳಿಸಿ ಏಳನೇ ತಿಂಗಳಲ್ಲಿ ನಿಲ್ಲಿಸಿದರು. ಆರು ವಾರದ ನಂತರ ಟಿಎಸ್‌ಎಚ್ 2.4, ಆಮೇಲೂ ಸಹಜ. ಜೀವನಪೂರ್ತಿ ಮಾತ್ರೆ ಬೇಕು ಅಂತ ಈ ಮಗುವಿಗೆ ಹಣೆಪಟ್ಟಿ ಬೀಳಲಿಲ್ಲ. ತಾಯಿಯ ಆ್ಯಂಟಿಬಾಡಿಯ ಬಗೆ ಮೊದಲೇ ಗೊತ್ತಿದ್ದದ್ದೇ ಅದಕ್ಕೆ ಕಾರಣ.

ಬೇರೆಯವರಿಗೆ ಉಪಯೋಗವಾಗಬಹುದಾದದ್ದು

ಡೋಸ್ ಇಳಿಸಿದಷ್ಟೂ ಟಿ4 ಏರುತ್ತಿದ್ದರೆ ಅಲ್ಲೇ ನಿಲ್ಲಬೇಕು. ರೋಗಿಯನ್ನು ಅನುಮಾನಿಸುವ ಮೊದಲು ಮಾತ್ರೆ ಪೂರ್ತಿ ನಿಲ್ಲಿಸಿ ಆರು ವಾರಕ್ಕೆ ನೋಡುವುದು ಸುಲಭ, ಅದಕ್ಕೆ ಖರ್ಚೂ ಇಲ್ಲ. ಬಯೋಟಿನ್ ಬಗ್ಗೆ ಹೆಸರಿಟ್ಟೇ ಕೇಳಬೇಕು. ‘ಬೇರೆ ಔಷಧಿ ಇದೆಯಾ’ ಅಂದರೆ ಕೂದಲಿನ ಮಾತ್ರೆ ಯಾರಿಗೂ ನೆನಪಾಗಲ್ಲ.

ಕೋಶ ಪರೀಕ್ಷೆ ಎಲ್ಲರಿಗೂ ಬೇಕಿಲ್ಲ. ಹೆಚ್ಚಿನ ಗ್ರೇವ್ಸ್ ರೋಗಿಗಳಲ್ಲಿ ಟ್ರ್ಯಾಬ್ ಅಂಕಿಯೇ ಸಾಕು. ಅಂಕಿ ಒಂದು ಕಡೆ, ರೋಗಿಯ ಸ್ಥಿತಿ ಇನ್ನೊಂದು ಕಡೆ ಎಳೆಯುತ್ತಿದ್ದರೆ ಮಾತ್ರ ಅದು ಬೇಕೇ ಬೇಕು. ಅಂಥ ಅನುಮಾನ ಬಂದ ದಿನವೇ ಒಂದಿಷ್ಟು ಸೀರಂ ತೆಗೆದಿಟ್ಟರೆ ಆಮೇಲೆ ಹೋಲಿಸಲು ಸಿಗುತ್ತದೆ.

ಗ್ರಂಥಿ ತೆಗೆಸಿಕೊಂಡ ಅಥವಾ ರೇಡಿಯೋ ಅಯೋಡಿನ್ ತಗೊಂಡ ಮಹಿಳೆ ಗರ್ಭಿಣಿಯಾದಾಗ ಅವರ ಟಿಎಸ್‌ಎಚ್ ಸಹಜವಾಗಿಯೇ ಇರುತ್ತದೆ. ಹಾಗಾಗಿ ಟ್ರ್ಯಾಬ್ ಕೇಳುವುದು ಮರೆತುಹೋಗುತ್ತದೆ. ನಮ್ಮ ರೋಗಿಯ ಫೈಲಿನ ಮೊದಲ ಪುಟದಲ್ಲಿ ಇದನ್ನು ದಪ್ಪ ಅಕ್ಷರದಲ್ಲಿ ಬರೆದಿಟ್ಟಿದ್ದೇವೆ. ಅವರ ಬಳಿಯೂ ಒಂದು ಪ್ರತಿ ಇದೆ. ಕೊನೆಯ ಸಲ ನೋಡಿದಾಗ ಟ್ರ್ಯಾಬ್ 6 ಇತ್ತು. ಎರಡನೇ ಮಗುವಿನ ಯೋಚನೆ ಇದೆಯಂತೆ, ಅದಕ್ಕೆ ಮುಂಚೆ ಟ್ರ್ಯಾಬ್ ಮತ್ತು ಕೋಶ ಪರೀಕ್ಷೆ ಎರಡನ್ನೂ ಮತ್ತೊಮ್ಮೆ ಮಾಡಿಸುವುದು ಎಂದು ನಿಶ್ಚಯವಾಗಿದೆ.